ಬಿದಿಗೆ ಚಂದ್ರನ ಕೋಡು ಎಲ್ಲಿರಬೇಕು? ಕಂಪ್ಯೂಟರಿನಲ್ಲಿ ಗ್ರಹ, ಚಂದ್ರ ಮಾಡುವ ಬಗೆ

ಆಗಸ್ಟ್ 23 ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಬಾಹ್ಯಾಕಾಶದ ಪೋಸ್ಟರ್‌ಗಳ ಸಡಗರ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿದ ದಿನ ಅದು. ಮಕ್ಕಳು ಈಗ ಬಣ್ಣದ ಪೆನ್ಸಿಲ್ ಬಿಟ್ಟು ಕಂಪ್ಯೂಟರಿನಲ್ಲೇ ಗ್ರಹ ಮಾಡುತ್ತಾರೆ. ಅವರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಮೇಲ್ಮೈಗೆ ಎರಡು ತಾಸು ಕೊಡುತ್ತಾರೆ, ನೆರಳಿಗೆ ಎರಡು ನಿಮಿಷ. ಆಗಬೇಕಾದದ್ದು ಇದರ ಉಲ್ಟಾ. ಮೇಲ್ಮೈ ಹೇಗಿದ್ದರೂ ನಡೆಯುತ್ತದೆ. ನೆರಳು ತಪ್ಪಿದರೆ ಅದು ಗ್ರಹ ಅನ್ನಿಸುವುದೇ ಇಲ್ಲ.

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಕಿಲ್ಲ. ಚಿತ್ರ ತಿದ್ದುವ ಗಿಂಪ್ ಸಾಕು. 1996ರಿಂದ ಪುಕ್ಕಟೆ ಸಿಗುತ್ತಿದೆ. ಫೋಟೊಶಾಪ್ ಇದ್ದವರಿಗೂ ಹೆಜ್ಜೆಗಳು ಇವೇ, ಮೆನುವಿನ ಹೆಸರು ಅಲ್ಲಲ್ಲಿ ಬೇರೆ. ಆದರೆ ‘ಒಂದೇ ಕ್ಲಿಕ್ಕಿಗೆ ಗ್ರಹ’ ಎಂದು ಮಾರುವ ಬ್ರಶ್ ಪ್ಯಾಕ್‌ಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಬೆಳಕು ಮೊದಲೇ ಅಂಟಿಕೊಂಡಿರುತ್ತದೆ. ಒಂದು ಗ್ರಹಕ್ಕೆ ಎಡದಿಂದ, ಇನ್ನೊಂದಕ್ಕೆ ಬಲದಿಂದ. ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಲು ಆಗುವುದಿಲ್ಲ.

ಮೊದಲಿಗೆ

3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಕಪ್ಪು ಕ್ಯಾನ್ವಾಸ್ ತೆರೆಯಿರಿ. ಇಮೇಜ್ ಮೆನುವಿನಲ್ಲಿ ಪ್ರಿಸಿಷನ್‌ಗೆ ಹೋಗಿ 16 ಬಿಟ್ ಆರಿಸಿ. 8 ಬಿಟ್‌ನಲ್ಲೇ ಬಿಟ್ಟರೆ ನೆರಳು ನುಣ್ಣಗೆ ಇಳಿಯದೆ ಪಟ್ಟೆ ಪಟ್ಟೆಯಾಗುತ್ತದೆ.

ಮೇಲ್ಮೈ

ಸಾಲಿಡ್ ನಾಯ್ಸ್ ಫಿಲ್ಟರ್‌ನಿಂದಲೂ ಮೇಲ್ಮೈ ಮಾಡಬಹುದು. ಆದರೆ ಅದರಲ್ಲಿ ಮಾಡಿದ ಗ್ರಹಗಳೆಲ್ಲ ಒಂದೇ ತರಹ ಕಾಣುತ್ತವೆ. ನಾನು ಫೋಟೊ ಬಳಸುತ್ತೇನೆ. ಬಂಡೆಯ ಮೇಲಿನ ಕಲ್ಲುಹೂವು, ಹಳೇ ಕಾವಲಿಯ ತಳ, ಸುಣ್ಣ ಉದುರಿದ ಗೋಡೆ, ಇವುಗಳ ಮುಂದೆ ಯಾವ ಫಿಲ್ಟರೂ ನಿಲ್ಲುವುದಿಲ್ಲ. ಮೋಡ ಕವಿದ ದಿನವೇ ಫೋಟೊ ತೆಗೆಯಿರಿ. ಬಿಸಿಲಲ್ಲಿ ತೆಗೆದರೆ ಬಂಡೆಯ ನೆರಳೂ ಗ್ರಹದೊಳಕ್ಕೆ ಬರುತ್ತದೆ. ಆಮೇಲೆ ಅದನ್ನು ತೆಗೆಯುವ ದಾರಿ ಇಲ್ಲ.

ನಮ್ಮ ಚಂದ್ರನೇ ಬೇಕಿದ್ದರೆ ಅವನನ್ನು ಬರೆಯಲು ಹೋಗಬೇಡಿ. ನಾಸಾದ ಎಲ್‌ಆರ್‌ಒ ನೌಕೆ 2009ರಿಂದ ಅವನನ್ನು ಸುತ್ತುತ್ತಿದೆ. ಅದರ ಚಿತ್ರಗಳಿಂದ ಮಾಡಿದ ನಕ್ಷೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅದನ್ನು ಮ್ಯಾಪ್ ಆಬ್ಜೆಕ್ಟ್ ಫಿಲ್ಟರ್‌ನಲ್ಲಿ ಗೋಳಕ್ಕೆ ಸುತ್ತಿ. ಅಲ್ಲಿ ಬೆಳಕಿನ ಆಯ್ಕೆಯನ್ನು ಮಾತ್ರ ‘ನೋ ಲೈಟ್’ ಮಾಡಿಕೊಳ್ಳಿ.

ನಿಮ್ಮದೇ ಚಂದ್ರನಿಗೆ ಕುಳಿ ಬೇಕಾದರೆ ಮೇಲ್ಮೈ ಚಪ್ಪಟೆ ಇರುವಾಗಲೇ, ಉಬ್ಬು ತಗ್ಗು ತೋರಿಸುವ ಬಂಪ್ ಮ್ಯಾಪ್ ಫಿಲ್ಟರ್‌ನಿಂದ ಮಾಡಿ. ದೊಡ್ಡವು ನಾಲ್ಕೈದು ಇರಲಿ, ಸಣ್ಣವು ನೂರಾರು ಇರಲಿ. ಎಲ್ಲವೂ ದುಂಡಗಿರಲಿ. ಇಲ್ಲಿ ಬಹಳ ಜನ ಎಡವುತ್ತಾರೆ: ಕುಳಿಯೊಳಗೆ ಸೂರ್ಯನ ಕಡೆಯ ಗೋಡೆ ಕತ್ತಲಿರಬೇಕು, ಎದುರಿನ ಗೋಡೆ ಬೆಳಗಬೇಕು. ಇದು ಅದಲು ಬದಲಾದರೆ ಕುಳಿ ಬೊಕ್ಕೆಯಂತೆ ಉಬ್ಬಿ ಕಾಣುತ್ತದೆ. ಸೂರ್ಯ ಬಲಗಡೆ ಎಂದು ಈಗಲೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಬಿಡಿ.

ಈಗ ಮೇಲ್ಮೈಯನ್ನು 2000 ಪಿಕ್ಸೆಲ್ ಚೌಕಕ್ಕೆ ಕತ್ತರಿಸಿ, ಸ್ಫೆರೈಜ್ ಫಿಲ್ಟರ್ ಹಾಕಿ, ವೃತ್ತದ ಹೊರಗಿನದನ್ನು ಅಳಿಸಿ, ಕ್ಯಾನ್ವಾಸಿನ ನಡುವೆ ಇಡಿ. ಅಂಚಿನ ಕುಳಿಗಳು ತಾವಾಗಿಯೇ ಮೊಟ್ಟೆಯಾಕಾರಕ್ಕೆ ಬರುತ್ತವೆ.

ನೆರಳು

ಇಲ್ಲಿ ಅವಸರ ಬೇಡ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ: ಗ್ರಹದಷ್ಟೇ ದೊಡ್ಡ ಕಪ್ಪು ವೃತ್ತ ಮಾಡಿ ಪಕ್ಕಕ್ಕೆ ಸರಿಸುತ್ತಾರೆ. ಉಳಿದದ್ದು ಬಿದಿಗೆ ಚಂದ್ರ ಅಂದುಕೊಳ್ಳುತ್ತಾರೆ. ಅದು ಬಿದಿಗೆ ಚಂದ್ರ ಅಲ್ಲ. ಅದರ ಎರಡು ಕೋಡುಗಳು ಅರ್ಧ ವೃತ್ತ ದಾಟಿ ಒಳಕ್ಕೆ ಬಾಗಿರುತ್ತವೆ. ಸೂರ್ಯಗ್ರಹಣದಲ್ಲಿ ಸೂರ್ಯ ಕಾಣುವುದು ಹಾಗೆ. ಬಿದಿಗೆ ಚಂದ್ರನ ಒಂದು ಕೋಡಿನಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಅದು ಬಿಲ್ಲೆಯ ನಡುಮಧ್ಯದಲ್ಲೇ ಹಾಯಬೇಕು. ಯಾವ ತಿಥಿಯಲ್ಲೂ ಇದು ಬದಲಾಗುವುದಿಲ್ಲ. ಏಕೆಂದರೆ ಗೋಳದ ಅರ್ಧಕ್ಕೆ ಯಾವಾಗಲೂ ಬೆಳಕಿರುತ್ತದೆ. ಹಗಲು ಇರುಳನ್ನು ಬೇರೆ ಮಾಡುವ ಗೆರೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತ. ಅದನ್ನು ಓರೆಯಿಂದ ನೋಡುತ್ತೇವೆ, ಹಾಗಾಗಿ ಅದು ನಮಗೆ ಅರ್ಧ ದೀರ್ಘವೃತ್ತವಾಗಿ ಕಾಣುತ್ತದೆ.

ಮಾಡುವುದು ಕಷ್ಟವಲ್ಲ. ಮೇಲ್ಮೈಯ ಮೇಲೆ ಹೊಸ ಪಾರದರ್ಶಕ ಲೇಯರ್, ಅಂದರೆ ಪದರ, ತೆರೆಯಿರಿ. ಕ್ಯಾನ್ವಾಸಿನ ಎಡ ಅರ್ಧವನ್ನೆಲ್ಲ ಆರಿಸಿ ಕಪ್ಪು ತುಂಬಿ. ಕಪ್ಪು ಬಿಲ್ಲೆಯ ಅಂಚಿಗೇ ನಿಲ್ಲಬಾರದು, ಕ್ಯಾನ್ವಾಸಿನ ತುದಿಯವರೆಗೆ ಹೋಗಬೇಕು. ಅಂಚಿಗೇ ನಿಲ್ಲಿಸಿದರೆ ಆಮೇಲೆ ಬ್ಲರ್ ಮಾಡುವಾಗ ಕತ್ತಲ ಕಡೆಯ ಅಂಚು ಬೆಳ್ಳಗಾಗುತ್ತದೆ. ಇಷ್ಟಾದರೆ ಅಷ್ಟಮಿ ಚಂದ್ರ ಸಿದ್ಧ.

ಬಿದಿಗೆ ಬೇಕೋ? ಎಲಿಪ್ಸ್ ಸೆಲೆಕ್ಟ್ ತಗೊಳ್ಳಿ. ಬಿಲ್ಲೆಯ ಕೇಂದ್ರವೇ ಅದಕ್ಕೂ ಕೇಂದ್ರವಾಗಿರಲಿ. ಎತ್ತರ ಪೂರ್ತಿ 2000, ಅಗಲ 1900. ಅದರೊಳಗೆ ಕಪ್ಪು ತುಂಬಿ. ಬಲಗಡೆ ತೆಳು ಕುಡಿ ಮಾತ್ರ ಉಳಿಯುತ್ತದೆ. ಏಕಾದಶಿಯ ಚಂದ್ರ ಬೇಕಿದ್ದರೆ ದೀರ್ಘವೃತ್ತದ ಅಗಲ 1200 ಇಟ್ಟು, ಅದರೊಳಗೆ ಕಪ್ಪು ತುಂಬುವ ಬದಲು ಇರುವ ಕಪ್ಪನ್ನು ಅಳಿಸಿ. ಬದಲಾಯಿಸುವುದು ಅಗಲವನ್ನು ಮಾತ್ರ. ಎತ್ತರವನ್ನು ಮುಟ್ಟಲೇಬೇಡಿ.

ಬೇಕಾದಷ್ಟು ಓರೆ ತಿರುಗಿಸಲೂಬಹುದು. ನಮ್ಮ ಕಡೆಯಿಂದ ನೋಡಿದರೆ ಸಂಜೆಯ ಎಳೆ ಚಂದ್ರ ಸಾಮಾನ್ಯವಾಗಿ ದೋಣಿಯ ಹಾಗೆ ಒರಗಿರುತ್ತಾನೆ, ಅಲ್ವಾ? ನೆಟ್ಟಗೆ ನಿಂತ ಚಂದ್ರನನ್ನು ನಮ್ಮೂರ ತೆಂಗಿನ ಮರದ ಮೇಲೆ ಇಟ್ಟರೆ ಕಣ್ಣಿಗೆ ಒಗ್ಗುವುದಿಲ್ಲ. ಕುಳಿ ಮಾಡಿದ್ದರೆ ಮೇಲ್ಮೈಯನ್ನೂ ನೆರಳಿನ ಜೊತೆಗೇ ತಿರುಗಿಸಿ.

ಆಮೇಲೆ ನೆರಳಿನ ಗೆರೆಯನ್ನು ಮೃದು ಮಾಡುವ ಗಾಸಿಯನ್ ಬ್ಲರ್. ಗಾಳಿ ಇಲ್ಲದ ಚಂದ್ರನಿಗೆ ನಾನು 10ರಿಂದ 15 ಇಡುತ್ತೇನೆ. ದಟ್ಟ ಗಾಳಿ ಇರುವ ಗ್ರಹಕ್ಕೆ 80, 100. ಎರಡಕ್ಕೂ ಒಂದೇ ಬ್ಲರ್ ಹಾಕಬೇಡಿ. ಕೊನೆಗೆ ಬಿಲ್ಲೆಯ ಹೊರಗೆ ಉಳಿದ ಕಪ್ಪನ್ನು ಅಳಿಸಿ. ನೆರಳಿನ ಲೇಯರ್ ಪೂರ್ತಿ ಗಟ್ಟಿ ಇರುವ ಬದಲು 97ರಷ್ಟು ಇರಲಿ. ಬಿದಿಗೆಯ ದಿನ ಚಂದ್ರನ ಕತ್ತಲ ಭಾಗವೂ ಮಸುಕಾಗಿ ಕಾಣುತ್ತದೆ, ಭೂಮಿಯಿಂದ ಹೋದ ಬೆಳಕು ಅದು.

ಕುಳಿಗಳು ಎದ್ದು ಕಾಣಬೇಕಾದ್ದು ಈ ನೆರಳಿನ ಗೆರೆಯ ಹತ್ತಿರ. ದೂರ ಹೋದಂತೆ ಬಂಪ್ ಲೇಯರ್ ಅನ್ನು ಮಾಸ್ಕ್ (ಬೇಕಾದ ಕಡೆ ಮರೆಮಾಡುವ ಪರದೆ) ಹಾಕಿ ಮಸುಕು ಮಾಡಿ. ಹುಣ್ಣಿಮೆಯ ದಿನ ಕುಳಿಗಳ ನೆರಳೇ ಇರುವುದಿಲ್ಲ. ಹುಣ್ಣಿಮೆ ಚಂದ್ರನ ಅಂಚನ್ನು ಕಪ್ಪು ಮಾಡಿ ‘ದುಂಡಗೆ’ ಕಾಣಿಸುವುದೂ ಬೇಡ. ಅವನು ನಿಜಕ್ಕೂ ತಟ್ಟೆಯಂತೆ ಚಪ್ಪಟೆ ಕಾಣುತ್ತಾನೆ. ಅಂಚು ಕಂದುವುದು ಗುರುವಿನಂಥ ಅನಿಲ ಗ್ರಹಗಳಿಗೆ.

ಗಾಳಿಯ ಅಂಚು

ಗ್ರಹದ ಸುತ್ತ ದಪ್ಪ ನೀಲಿ ಬಳೆ ತೊಡಿಸುವುದು ನಾನು ಅತಿ ಹೆಚ್ಚು ಸಲ ಕಂಡ ತಪ್ಪು. ಲೆಕ್ಕ ಹಾಕಿ ನೋಡಿ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಬಾಹ್ಯಾಕಾಶ ಶುರುವಾಗುವುದು 100 ಕಿಲೋಮೀಟರ್ ಮೇಲೆ ಎನ್ನುವುದು ವಾಡಿಕೆ. ನಮ್ಮ ಬಿಲ್ಲೆಯ ತ್ರಿಜ್ಯ 1000 ಪಿಕ್ಸೆಲ್. ಹಾಗಾದರೆ ಗಾಳಿಗೆ ಸಿಗುವುದು ಬರೀ 16 ಪಿಕ್ಸೆಲ್. ಎವರೆಸ್ಟ್ ಎತ್ತರ ಒಂದೂವರೆ ಪಿಕ್ಸೆಲ್ ಕೂಡ ಆಗದು. ಅಂಚಿನಲ್ಲಿ ಬೆಟ್ಟ ಚುಚ್ಚಿ ನಿಲ್ಲಿಸುವವರಿಗೂ ಇದೇ ಉತ್ತರ. ನೀಲಿ ಅಂಚು ಬೆಳಕಿರುವ ಕಡೆ ಮಾತ್ರ ಇರಲಿ, ಕೋಡುಗಳ ತುದಿಯಲ್ಲಿ ಕರಗಲಿ. ಚಂದ್ರನಿಗೆ ಇದು ಬೇಡವೇ ಬೇಡ. ಶನಿಯ ಚಂದ್ರ ಟೈಟನ್ ಮಾಡುವವರಾದರೆ ಹಾಕಲೇಬೇಕು, ಅದಕ್ಕೆ ದಟ್ಟ ಗಾಳಿ ಇದೆ.

ನಕ್ಷತ್ರ, ಜೊತೆಗೊಬ್ಬ ಚಂದ್ರ

ನಕ್ಷತ್ರಗಳ ಲೇಯರ್ ಎಲ್ಲಕ್ಕಿಂತ ಕೆಳಗಿರಲಿ. ಕೋಡುಗಳ ನಡುವೆ ನಕ್ಷತ್ರ ಮಿನುಗುವ ಪೋಸ್ಟರ್ ಹೇಗೆ ಹುಟ್ಟುತ್ತದೆ ಗೊತ್ತಾ? ನೆರಳು ಹಾಕುವ ಬದಲು ಗ್ರಹವನ್ನೇ ಎರೇಸರ್‌ನಿಂದ ಅಳಿಸಿರುತ್ತಾರೆ. ಅಲ್ಲಿ ಕತ್ತಲಿದೆ, ತೂತಿಲ್ಲ. ನನ್ನನ್ನು ಕೇಳಿದರೆ ನಕ್ಷತ್ರವೇ ಬೇಡ. 1972ರ ಡಿಸೆಂಬರ್ 7ರಂದು ಅಪೊಲೊ 17ರಿಂದ ತೆಗೆದ ಭೂಮಿಯ ಫೋಟೊದಲ್ಲಿ ಒಂದೂ ನಕ್ಷತ್ರವಿಲ್ಲ. ಬೆಳಗುವ ಗ್ರಹಕ್ಕೆ ಕ್ಯಾಮೆರಾ ಹೊಂದಿಸಿದರೆ ನಕ್ಷತ್ರ ದಾಖಲಾಗುವುದಿಲ್ಲ.

ಗ್ರಹದ ಪಕ್ಕ ಚಂದ್ರನನ್ನು ಇಡುವಾಗ ಅವನಿಗೂ ಅದೇ ಅಳತೆಯ ನೆರಳು ಕೊಡಿ. ಗ್ರಹ ಅಷ್ಟಮಿಯಲ್ಲಿದ್ದರೆ ಪಕ್ಕದ ಚಂದ್ರ ಹುಣ್ಣಿಮೆಯಲ್ಲಿ ಇರಲಾರ. ಬಣ್ಣ ಬಿಳಿ ಬೇಡ. ನಮ್ಮ ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 12 ಪಾಲು ಮಾತ್ರ ತಿರುಗಿಸುತ್ತಾನೆ, ಭೂಮಿ 30. 2015ರ ಜುಲೈ 16ರಂದು ಡಿಸ್ಕವರ್ ಉಪಗ್ರಹ ಭೂಮಿಯ ಮುಂದೆ ಚಂದ್ರ ಹಾಯುವುದನ್ನು ಚಿತ್ರ ತೆಗೆಯಿತು. ಹುಡುಕಿ ನೋಡಿ. ಬೆಳಗುವ ಭೂಮಿಯ ಎದುರು ಅವನು ಒಲೆಯ ಬೂದಿಯ ಬಣ್ಣ.

ಉಳಿಸುವಾಗ

ಲೇಯರ್‌ಗಳ ಸಮೇತ ಎಕ್ಸ್‌ಸಿಎಫ್ ಕಡತ ಇಟ್ಟುಕೊಳ್ಳಿ. ಬೇರೆಯವರಿಗೆ ಪಿಎನ್‌ಜಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಅಷ್ಟು ಹೊತ್ತು ಕೂತು ಮಾಡಿದ ನೆರಳು ಚೌಕ ಚೌಕವಾಗಿ ಒಡೆಯುತ್ತದೆ. ಫ್ಲೆಕ್ಸ್‌ಗೆ ಕೊಡುವ ಮುನ್ನ ಒಂದು ಅಡಿಯ ತುಂಡನ್ನು ಮಾತ್ರ ಪ್ರಿಂಟ್ ಹಾಕಿಸಿ ನೋಡಿ. ನೆರಳಿನ ಭಾಗ ಮಸಿಯಾಗಿ ಬಂದರೆ ಆ ಲೇಯರ್ ಅನ್ನು ಸ್ವಲ್ಪ ತಿಳಿ ಮಾಡಿ ಮತ್ತೆ ಕೊಡಿ.