ಬೆಳಗಿನ ಜಾವ ನಗುವವರು: ಬ್ರಿಸ್ಬೇನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಟ್ಯಾಕ್ಸ್ ಫೈಲ್ ನಂಬರ್, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಮೊದಲ ಕೆಲವು ವಾರಗಳಲ್ಲಿ ಹೇಗೋ ಆಗಿಹೋಗುತ್ತವೆ. ಅವುಗಳ ಬಗ್ಗೆ ಹೇಳಲು ಬೇಕಾದಷ್ಟು ಜನ ಇದ್ದಾರೆ. ಕುಕಬರಾ ಬಗ್ಗೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಐದು ಗಂಟೆಗೆ ಮೊದಲೇ ಹುಟ್ಟುತ್ತಾನೆ, ಈ ಹಕ್ಕಿ ಅವನಿಗಿಂತಲೂ ಮೊದಲು ಏಳುತ್ತದೆ. ಬಂದ ಮೂರನೆಯ ದಿನ, ಹಿತ್ತಿಲಿನಲ್ಲಿ ನಾಲ್ಕೈದು ಜನ ಕುಡಿದು ಗಹಗಹಿಸುತ್ತಿದ್ದಾರೆಂದು ತಿಳಿದು, ಲುಂಗಿ ಎತ್ತಿಕಟ್ಟಿ ಪೊರಕೆ ಹಿಡಿದು ಹೊರಗೆ ಬಂದವನು ನಾನು. ಗಿಡಗಳಿಗೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ನನ್ನನ್ನೂ ಪೊರಕೆಯನ್ನೂ ಒಮ್ಮೆ ನೋಡಿ, ಏನೂ ಹೇಳದೆ, ಗಮ್ (ನೀಲಗಿರಿ ಜಾತಿಯ) ಮರದ ಕೊಂಬೆಯತ್ತ ಬೆರಳು ತೋರಿಸಿದರು. ಸಂಜೆ ಫೋನಿನಲ್ಲಿ ಅಮ್ಮ, "ಮನೆ ಮುಂದೆ ಕೂತು ನಗೋ ಹಕ್ಕಿ ಒಳ್ಳೇದಲ್ಲ ಕಣಪ್ಪ, ಬೇರೆ ಮನೆ ನೋಡು" ಎಂದರು. ಬಾಡಿಗೆ ಮನೆಯ ಮುಂಗಡ, ಇಲ್ಲಿಯವರು ಬಾಂಡ್ ಎನ್ನುವ ಹಣ, ಕಟ್ಟಿಯಾಗಿತ್ತು.

ಅದು ನಗುವಲ್ಲವೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಲು ಒಂದು ಹಕ್ಕಿ ಗಂಟಲೊಳಗೇ ಗುಟುರು ಹಾಕಿದಂತೆ ಸಣ್ಣಗೆ ಶುರುಮಾಡುತ್ತದೆ. ಕೊಕ್ಕನ್ನು ಆಕಾಶಕ್ಕೆತ್ತಿ ಬಾಲವನ್ನು ನಿಮಿರಿಸುತ್ತದೆ, ಕೊರಳಿನ ಬಿಳಿ ಗರಿಗಳು ನಡುಗುತ್ತವೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತದ್ದು ದನಿಗೂಡಿಸಿ, 'ಕೂ ಕೂ' ಎಂಬುದು 'ಹಾ ಹಾ ಹಾ' ಎಂದು ಏರಿ, ಇಡೀ ಕುಟುಂಬವೇ ಕೂಗಿ ಮತ್ತೆ ಸದ್ದಡಗುತ್ತದೆ. ಅದು ನಿಂತ ಕೂಡಲೇ ಬೀದಿಯಾಚೆಯ ಗುಂಪಿನಿಂದ ಉತ್ತರ ಬರುತ್ತದೆ. ನಮ್ಮೂರಿನಲ್ಲಿ ಬದುವಿನ ಮೇಲೆ ನಿಂತು ಪಕ್ಕದ ಹೊಲದವನಿಗೆ ಕೇಳುವಂತೆ ಗಟ್ಟಿಯಾಗಿ ಮಾತಾಡುತ್ತಾರಲ್ಲ, ಇದೂ ಅಂಥದ್ದೇ ಗಡಿಯ ಮಾತು. ವಿರಾಜುರಿ ಮೂಲನಿವಾಸಿಗಳು ಆ ಸದ್ದನ್ನೇ ಹಿಡಿದು 'ಗುಗುಬರಾ' ಎಂದರು, ಅದೇ ಇಂಗ್ಲಿಷಿನಲ್ಲಿ ಕುಕಬರಾ ಆಯಿತು. ಜಾತಿಯಲ್ಲಿ ಇದು ನಮ್ಮ ಮಿಂಚುಳ್ಳಿಯ ನೆಂಟ, ಆದರೆ ಕೆರೆಯ ಹಂಗಿಲ್ಲದೆ ಓತಿಕ್ಯಾತ, ಇಲಿ, ಹಾವುಗಳನ್ನು ಹಿಡಿದು ಬದುಕುತ್ತದೆ. 1783ರಲ್ಲಿ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ಇದರ ಊರು ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪ ಎಂದಿದೆ, ಈ ಹಕ್ಕಿಯೋ ಅಲ್ಲಿ ಇಲ್ಲವೇ ಇಲ್ಲ. ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲಿ ತಪ್ಪಾಗಿ ಅಚ್ಚಾಗಿ, ತಿದ್ದಿಸಲು ಅಲೆದವರಿಗೆ ಇದರ ಕಷ್ಟ ಅರ್ಥವಾದೀತು.

ಇಷ್ಟು ತಿಳಿದ ಮೇಲೆ ನನಗೆ ಜಂಬ ಬಂತು. ಕೆಲಸದ ಮೇಲೆ ಉತ್ತರದ ಟೌನ್ಸ್‌ವಿಲ್‌ಗೆ ಹೋದಾಗ, ಅಲ್ಲಿ ನಾನು ಉಳಿದಿದ್ದ ಮನೆಗೆ ಬಂದ ಅತಿಥಿಗಳನ್ನು ಮುಂಜಾನೆಯೇ ಎಬ್ಬಿಸಿ, "ಈಗ ನಗುತ್ತದೆ, ಕೇಳಿ" ಎಂದು ಕೂರಿಸಿದೆ. ಮರದಿಂದ ಬಂದದ್ದು ಕರ್ಕಶವಾದ ಬೊಗಳಿಕೆ ಮತ್ತು ಕಿರುಚಾಟ, ಅದೂ ಯಾರೋ ಬಾಯಿ ಮುಚ್ಚಿದಂತೆ ಥಟ್ಟನೆ ನಿಂತಿತು. ಅದು ನೀಲಿರೆಕ್ಕೆಯ ಕುಕಬರಾ, ಬೇರೆಯೇ ಪ್ರಭೇದ. ಬ್ರಿಸ್ಬೇನಿನದರ ಕಣ್ಣು ಕಪ್ಪಗಿದ್ದು ಹಿಂದೆ ಕಂದು ಪಟ್ಟಿಯಿದ್ದರೆ, ಇದರದು ಬಿಳಿಚಿದ ಕಣ್ಣು. ಗಂಡಿನ ಬಾಲ ನೀಲಿ, ಹೆಣ್ಣಿನದು ಕೆಂಗಂದು. ನ್ಯೂಗಿನಿ ಕಡೆಗೆ ಕೆಂಗಂದು ಹೊಟ್ಟೆಯದು, ಚುಕ್ಕೆ ತಲೆಯದು ಎಂದು ಇನ್ನೆರಡು ಇವೆ, ಅವು ಇಲ್ಲಿಯ ಹಿತ್ತಿಲಿಗೆ ಬರುವುದಿಲ್ಲ.

ನನ್ನ ದೊಡ್ಡ ತಪ್ಪು ಇನ್ನೊಂದು. ಮನೆಗೆ ಬಂದವರಿಗೆ ಏನಾದರೂ ಕೊಡದೆ ಕಳಿಸುವ ಅಭ್ಯಾಸ ನಮಗಿಲ್ಲವಷ್ಟೆ; ಹಾಗಾಗಿ ಎರಡು ತಿಂಗಳು ದಿನವೂ ಡೆಕ್ಕಿನ ಕಟಾಂಜನದ ಮೇಲೆ ಕೀಮಾ ಇಟ್ಟೆ. ಮೂಳೆ ಸಮೇತ ಬೇಟೆಯನ್ನು ನುಂಗುವ ಹಕ್ಕಿಗೆ ಬರೀ ಮಾಂಸದಿಂದ ಕ್ಯಾಲ್ಸಿಯಂ ಸಾಲದು, ಮರಿಗಳ ಮೂಳೆ ಮೆತ್ತಗಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ದಯವಿಟ್ಟು ಏನನ್ನೂ ಇಡಬೇಡಿ. ಆ ಅಭ್ಯಾಸದ ಫಲವನ್ನು ನಾನು ಮಹಾಲಯ ಅಮಾವಾಸ್ಯೆಯ ದಿನ ಉಂಡೆ. ಅಪ್ಪನಿಗೆ ಎಡೆ ಇಟ್ಟು ಕಾಗೆಗಾಗಿ ಕಾಯುತ್ತಿದ್ದಾಗ ಕುಕಬರಾ ಸದ್ದಿಲ್ಲದೆ ಎರಗಿ, ಅನ್ನವನ್ನು ಮುಟ್ಟದೆ ಮಟನ್ ತುಂಡನ್ನು ಕಚ್ಚಿಕೊಂಡು, ಬೆಂದ ಮಾಂಸ ಎಲ್ಲಿ ಜೀವ ಹಿಡಿದು ಓಡೀತೋ ಎಂಬಂತೆ ಕಟಾಂಜನಕ್ಕೆ ಪಟಪಟನೆ ಬಡಿದು ನುಂಗಿತು. ಅಳುಕುತ್ತಲೇ ಹೇಳಿದಾಗ ಅಮ್ಮ, "ಹೋಗ್ಲಿ ಬಿಡು, ನಿಮ್ಮಪ್ಪನೂ ಅನ್ನ ಬಿಟ್ಟು ಬಾಡನ್ನೇ ಆರಿಸ್ತಿದ್ರು" ಎಂದರು.

ಈ ಹಕ್ಕಿಗಳ ಮಕ್ಕಳು ಬೆಳೆದ ಮೇಲೂ ಎಷ್ಟೋ ಸಲ ಕೆಲವು ವರ್ಷ ತಾಯಿ ತಂದೆಯ ಜೊತೆಗೇ ಉಳಿದು, ತಾಯಿಯ ಹೊಸ ಮೊಟ್ಟೆಗಳಿಗೆ ಕಾವು ಕೊಟ್ಟು, ಹುಟ್ಟಿದ ತಮ್ಮ-ತಂಗಿಯರಿಗೆ ಉಣಿಸಿ, ಗಡಿಯ ಕೂಗಿಗೆ ದನಿ ಸೇರಿಸುತ್ತವೆ. ಕೂಡುಕುಟುಂಬ ಬಿಟ್ಟು ಇಷ್ಟು ದೂರ ಬಂದವನಿಗೆ ಪ್ರತಿ ಬೆಳಗ್ಗೆ ಇದನ್ನು ಕೇಳಿಸಿಕೊಳ್ಳುವುದು ಸುಲಭವಲ್ಲ. ಎಳೆಯವುಗಳ ಕೂಗು ಮೊದಮೊದಲು ಒಡಕು ಪೀಪಿಯಂತಿರುತ್ತದೆ, ಹಿರಿಯರ ಜೊತೆ ಕೂಗಿ ಕೂಗಿ ಹದಕ್ಕೆ ಬರುತ್ತದೆ. ನನ್ನ ಮಗಳ ಕನ್ನಡಕ್ಕೆ ಅಂಥ ಹಿರಿಯರು ನಾವಿಬ್ಬರೇ, ಫೋನಿನಲ್ಲಿ ಅವಳ ಅಜ್ಜಿ. ಕಳೆದ ಭಾನುವಾರ ಮಾತು ಸಾಲದೆ ಅಜ್ಜಿ ಮೊಮ್ಮಗಳಿಬ್ಬರೂ ಸುಮ್ಮನಾದಾಗ, ಅವಳು ಕೊರಳೆತ್ತಿ ಕುಕಬರಾ ಕೂಗನ್ನು ಮೊದಲಿನಿಂದ ಕೊನೆಯವರೆಗೆ ಕೂಗಿ ತೋರಿಸಿದಳು. "ಇನ್ನೊಂದು ಸಲ ಕೂಗು ಮಗಾ" ಎಂದರು ಅಮ್ಮ. ಅವಳು ಬಾಯಿ ತೆರೆಯುವ ಮೊದಲೇ ಗಮ್ ಮರದಿಂದ ಉತ್ತರ ಬಂತು.