ಗೊಂಬೆ ಅಂಗಡಿಯ ಪ್ರಚಾರಕ್ಕೆ ಮೊದಲು ಹಾಕಬೇಕಾದ ಲೆಕ್ಕ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ವಾಹನಗಳು ಚನ್ನಪಟ್ಟಣದ ಊರೊಳಗೆ ಬಾರದೆ ಹೊರಗಿನಿಂದಲೇ ಸಾಗತೊಡಗಿ, ಹಳೆಯ ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳಿಗೆ ದಾರಿಹೋಕರ ವ್ಯಾಪಾರ ತಗ್ಗಿತು. ಅದುವರೆಗೆ ಈ ಅಂಗಡಿಗಳ ಪ್ರಚಾರವನ್ನು ರಸ್ತೆಯೇ ಬಿಟ್ಟಿಯಾಗಿ ಮಾಡಿಕೊಡುತ್ತಿತ್ತು. ಇಂಥ ಹೊತ್ತಿನಲ್ಲಿ ಸಣ್ಣ ವ್ಯಾಪಾರಿಗೆ ಥಟ್ಟನೆ ಹೊಳೆಯುವುದು ಬೆಲೆ ಇಳಿಸುವುದು, ಇಲ್ಲವೇ ಇನ್‌ಸ್ಟಾಗ್ರಾಂ ಜಾಹೀರಾತಿಗೆ ಹಣ ಹಾಕುವುದು. ಎರಡಕ್ಕೂ ಮೊದಲು ಯಾರಿಗೆ ಮಾರಬೇಕು ಎಂಬುದನ್ನು ತೀರ್ಮಾನಿಸಬೇಕು.

ಅದಕ್ಕೆ ಕಳೆದ ವರ್ಷದ ಬಿಲ್ ಪುಸ್ತಕ ಸಾಕು. ಪ್ರತಿ ಮಾರಾಟದ ಪಕ್ಕದಲ್ಲಿ ಕೊಂಡವರು ಯಾರು, ಯಾತಕ್ಕಾಗಿ ಕೊಂಡರು ಎಂದು ನೆನಪಿದ್ದಷ್ಟು ಬರೆಯಿರಿ. ದಾರಿಹೋಕರು ಕಣ್ಣಿಗೆ ಬಿದ್ದದ್ದನ್ನು ಒಂದೆರಡು ಕೊಳ್ಳುತ್ತಾರೆ. ನಾಮಕರಣ, ಉಪನಯನಗಳಿಗೆ ಉಡುಗೊರೆ ಹುಡುಕುವವರು ಒಂದೇ ಬಗೆಯ ಹತ್ತಾರು ಕೇಳುತ್ತಾರೆ. ನವರಾತ್ರಿಗೆ ಬೊಂಬೆ ಕೂರಿಸುವವರು ವರ್ಷಕ್ಕೊಮ್ಮೆ ಬರುತ್ತಾರೆ. ಶಿಶುವಿಹಾರಗಳು ಬಣ್ಣದ ಬಳೆ, ಮಣಿ, ಎಣಿಕೆಯ ಸಾಮಾನುಗಳನ್ನು ಸಗಟಾಗಿ ಕೊಳ್ಳುತ್ತವೆ. ಇವರಲ್ಲಿ ಒಬ್ಬರನ್ನು ಆರಿಸಿಕೊಂಡು, ಉಳಿದವರು ತಾವಾಗಿ ಬಂದರೆ ಮಾರುವುದು, ಅವರಿಗಾಗಿ ಖರ್ಚು ಮಾತ್ರ ಮಾಡದಿರುವುದು ಎಂದು ಒಂದು ವರ್ಷದ ಮಟ್ಟಿಗೆ ನಿರ್ಧರಿಸಬೇಕು. ಕಾರ್ಯತಂತ್ರದ ಅತಿ ಕಷ್ಟದ ಭಾಗ ಈ ಬಿಟ್ಟುಕೊಡುವಿಕೆಯೇ ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಬೇಕೆನ್ನುವ ಅಂಗಡಿಯ ಪ್ರಚಾರದ ಹಣ ಯಾರ ಮೇಲೂ ಪರಿಣಾಮ ಬೀರದೆ ಕರಗಿಹೋಗುತ್ತದೆ.

ಶಿಶುವಿಹಾರಗಳನ್ನು ಆರಿಸಿಕೊಂಡಿರಿ ಎಂದುಕೊಳ್ಳೋಣ. ಶಾಲೆಗಳು ಬೇಸಿಗೆ ರಜೆ ಮುಗಿದೊಡನೆ ತೆರೆಯುವುದರಿಂದ, ಕೊಳ್ಳುವ ಮಾತುಕತೆ ಅದಕ್ಕೂ ಮೊದಲೇ ಮುಗಿದಿರಬೇಕು. ಆದ್ದರಿಂದ ಮಾದರಿಗಳು ಜನವರಿ, ಫೆಬ್ರುವರಿಯಲ್ಲೇ ಅವರ ಕೈಸೇರಬೇಕು. ಮರ ಚೆನ್ನಾಗಿ ಒಣಗದೆ ಲೇತಿಗೆ ಬಾರದು, ಮಳೆಗಾಲದಲ್ಲಿ ಅದು ಒಣಗುವುದು ನಿಧಾನ, ಹೀಗಾಗಿ ಮರದ ಖರೀದಿಯ ತಿಂಗಳೂ ಪ್ರಚಾರದ ಯೋಜನೆಯೊಳಗೇ ಬರುತ್ತದೆ. ಶಾಲೆಯವರಿಗೆ ಈ ಕಸುಬು ಟಿಪ್ಪುವಿನ ಕಾಲದ್ದೆಂಬ ಕಥೆಗಿಂತ ಮಗು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ ಎಂಬ ಚಿಂತೆ ದೊಡ್ಡದು. ಅರಗಿಗೆ ಯಾವ ಬಣ್ಣ ಬೆರೆಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಿ, ನೈಸರ್ಗಿಕವಲ್ಲದ ಬಣ್ಣವನ್ನು ನೈಸರ್ಗಿಕ ಎನ್ನಬೇಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ (ಒಂದು ಊರಿನ ವಿಶಿಷ್ಟ ಮಾಲಿಗೆ ಸಿಗುವ ಜಿಐ ಗುರುತಿನ) ಅಧಿಕೃತ ಬಳಕೆದಾರರ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ನಿಮ್ಮ ಅಂಥ ನೋಂದಣಿಯ ದಾಖಲೆಯ ನಕಲನ್ನು ಪ್ರತಿ ಕೊಟೇಶನ್ನಿಗೂ ಲಗತ್ತಿಸಿ. ಅಗ್ಗದ ನಕಲು ಮಾಲಿನವರು ಕೊಡಲಾರದ ಕಾಗದ ಅದು.

ಜಾಹೀರಾತು ಬೇಡವೇ ಬೇಡ ಎಂದಲ್ಲ. ಉದಾಹರಣೆಗೆ, 120 ರೂಪಾಯಿ ಅಸಲು ಬೀಳುವ ಗೊಂಬೆಯನ್ನು 200 ರೂಪಾಯಿಗೆ ಮಾರಿದರೆ ಉಳಿಯುವುದು 80. ಜಾಹೀರಾತಿಗೆ 5,000 ರೂಪಾಯಿ ಹಾಕಿದರೆ ಆ ದುಡ್ಡು ಹುಟ್ಟಲು 63 ಗೊಂಬೆಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕು. ಕೊರಿಯರ್ ವೆಚ್ಚ 50 ರೂಪಾಯಿಯನ್ನೂ ನೀವೇ ಭರಿಸಿದರೆ ಉಳಿಯುವುದು 30, ಆಗ ಬೇಕಾಗುವುದು 167 ಗೊಂಬೆಗಳು. ಅದೇ ಹಣದಲ್ಲಿ ಮಾದರಿಗಳ ಪೆಟ್ಟಿಗೆ ಹಿಡಿದು ಬೆಂಗಳೂರಿನ ಒಂದಷ್ಟು ಶಾಲೆಗಳನ್ನು ಖುದ್ದಾಗಿ ಕಂಡು ಬರಬಹುದು, ಒಂದೇ ಶಾಲೆ ಒಪ್ಪಿದರೂ ಆರ್ಡರ್ ನೂರಾರು ಸಾಮಾನುಗಳದ್ದಾಗಬಹುದು. ನಿಮ್ಮ ಅಸಲು ಬೇರೆ ಇರಬಹುದು, ಆದರೆ ಈ ಲೆಕ್ಕ ಹಾಕದೆ ಹಣ ಕಟ್ಟಬೇಡಿ.

ಎಷ್ಟು ಮಂದಿ ಲೈಕ್ ಒತ್ತಿದರು ಎಂಬುದನ್ನು ಬಿಟ್ಟು, ಎಷ್ಟು ಶಾಲೆಗಳಿಗೆ ಮಾದರಿ ಕೊಟ್ಟಿರಿ, ಎಷ್ಟು ಕೊಂಡವು, ಕೊಂಡವರಲ್ಲಿ ಎಷ್ಟು ಮಂದಿ ಮರಳಿ ಕೇಳಿದರು ಎಂಬ ಮೂರನ್ನು ಬರೆದಿಡಿ. ಮಾದರಿ ಮೆಚ್ಚಿಯೂ ಕೊಳ್ಳದಿದ್ದರೆ ಬೆಲೆಯನ್ನೋ ಅಳತೆಯನ್ನೋ ಮೊದಲು ಅನುಮಾನಿಸಬೇಕು; ಕೊಂಡವರು ಮರಳದಿದ್ದರೆ ಮಾಲಿನಲ್ಲಿ ಅಥವಾ ತಲುಪಿಸಿದ ದಿನದಲ್ಲಿ ದೋಷ ಹುಡುಕಬೇಕು. ಒಂದು ಪೂರ್ತಿ ಶೈಕ್ಷಣಿಕ ವರ್ಷ ಕಳೆಯುವ ಮೊದಲು ದಾರಿ ಬದಲಿಸುವುದು ಆತುರವಾಗುತ್ತದೆ. ಶಾಲೆಗಳಿಂದ ಹಣ ಬರುವುದು ತಡವಾಗಬಹುದಾದ್ದರಿಂದ, ಮೊದಲ ಆರ್ಡರಿಗೆ ಅರ್ಧ ಹಣ ಮುಂಗಡ ಎಂಬ ಷರತ್ತನ್ನು ಕೊಟೇಶನ್ನಿನಲ್ಲೇ ಬರೆದು, ಅದು ಕೈಗೆ ಬಂದ ಮೇಲಷ್ಟೇ ಮಾಲು ತಯಾರಿಗೆ ಕೈಹಾಕಿ.