ಕಾಲೇಜಿನಲ್ಲಿ ಏಕವ್ಯಕ್ತಿ ನಾಟಕೋತ್ಸವ: ಆ ಎಂಟು ನಿಮಿಷದ ಲೆಕ್ಕ

'ಒಬ್ಬರೇ ಅಲ್ವಾ ಸಾರ್, ಏನ್ ಮಹಾ ಕಷ್ಟ?' ಕಾಲೇಜುಗಳ ಸಾಂಸ್ಕೃತಿಕ ಸಮಿತಿಯವರು ನನಗೆ ಹೇಳುವ ಮೊದಲ ಮಾತೇ ಇದು. ದೊಡ್ಡ ಸೆಟ್ ಬೇಡ, ತಂಡಕ್ಕೆಲ್ಲ ಊಟ ಬೇಡ, ಒಂದೇ ದಿನ ಹನ್ನೆರಡು ನಾಟಕ ಹಾಕಿಬಿಡೋಣ ಅನ್ನುತ್ತಾರೆ. ಆಮೇಲೆ ರಾತ್ರಿ ಹತ್ತು ಗಂಟೆಗೆ ಒಂಬತ್ತನೆಯ ನಟ ಖಾಲಿ ಕುರ್ಚಿಗಳ ಮುಂದೆ ಆಡುತ್ತಿರುತ್ತಾನೆ. ತೀರ್ಪುಗಾರನಾಗಿ ಇಂಥ ರಾತ್ರಿಗಳನ್ನು ಸಾಕಷ್ಟು ಕಳೆದಿದ್ದೇನೆ.

1. ಎಷ್ಟು ನಾಟಕ?

ಆರು. ಒಂದೂ ಜಾಸ್ತಿ ಬೇಡ. ಒಂದೊಂದಕ್ಕೆ 25 ನಿಮಿಷ ಅಂದರೆ ಆರಕ್ಕೆ 150 ನಿಮಿಷ. ನಡುವೆ ಐದು ಸಲ ರಂಗ ಬದಲಿಸಬೇಕು, ಸಲಕ್ಕೆ 8 ನಿಮಿಷದಂತೆ 40. ಒಟ್ಟು ಮೂರು ಗಂಟೆ ಹತ್ತು ನಿಮಿಷ. ಟೀ ಬಿಡುವು ಸೇರಿದರೆ ಮೂರೂವರೆ. ಇದೇ ಲೆಕ್ಕವನ್ನು ಹನ್ನೆರಡಕ್ಕೆ ಹಾಕಿ, ಬಿಡುವಿಲ್ಲದೆಯೇ ಆರೂವರೆ ಗಂಟೆ ಹತ್ತಿರ ಬರುತ್ತದೆ. ಜಾಸ್ತಿ ಹೆಸರು ಬಂದರೆ ಎರಡು ದಿನ ಮಾಡಿ. ಇಲ್ಲವೇ ಒಂದು ಕ್ಲಾಸ್‌ರೂಮಿನಲ್ಲಿ ಎಲ್ಲರಿಂದಲೂ ಐದೈದು ನಿಮಿಷ ಆಡಿಸಿ, ಆರಿಸಿ. ವಿಡಿಯೊ ತರಿಸಿಕೊಂಡು ಆರಿಸಬೇಡಿ. ಮೊಬೈಲಿನಲ್ಲಿ ಅಬ್ಬರಿಸುವವರ ಮಾತು ಸಭಾಂಗಣದಲ್ಲಿ ಮೂರನೇ ಸಾಲಿಗೂ ಮುಟ್ಟುವುದಿಲ್ಲ.

2. ಏನು ಆಡುವುದು, ಯಾರನ್ನು ಕೇಳುವುದು?

ಇಲ್ಲಿ ಕಾನೂನಿನ ವಿಷಯವೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಅವರ ಕೃತಿಗೆ ಹಕ್ಕು ಇರುತ್ತದೆ. ಕಾಲೇಜಿನ ಚಟುವಟಿಕೆಯಾಗಿ ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ ಆಡಿದರೆ, ನೋಡುವವರೂ ಅವರು, ಅವರ ತಂದೆತಾಯಿ, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ವಿನಾಯಿತಿ ಉಂಟು. ಊರಿನವರಿಗೆಲ್ಲ ಬಾಗಿಲು ತೆರೆದರೆ ಆ ವಿನಾಯಿತಿ ಹೋಯಿತು. ಆಗ ಅನುಮತಿ ಪತ್ರ ಬೇಕು. ಕಥೆಯನ್ನು ನಾಟಕ ಮಾಡಿಕೊಂಡರೂ ಅಷ್ಟೇ.

ಟಿ.ಪಿ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಸಂಸರು 1939ರಲ್ಲಿ. ಇವರ ನಾಟಕಗಳಿಗೆ ಯಾರನ್ನೂ ಕೇಳಬೇಕಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ನನ್ನನ್ನು ಕೇಳಿದರೆ ರನ್ನನ ದುರ್ಯೋಧನನಿಗಿಂತ ಒಳ್ಳೆಯ ಸರಕು ಏಕವ್ಯಕ್ತಿಗೆ ಸಿಗುವುದಿಲ್ಲ. ರಣರಂಗದಲ್ಲಿ ಹೆಣಗಳ ನಡುವೆ ತನ್ನವರನ್ನು ಹುಡುಕಿಕೊಂಡು ನಡೆಯುವ ದೊರೆ, ಬರೆದಾಗಲೇ ಅರ್ಧ ನಾಟಕ ಆಗಿಬಿಟ್ಟಿದೆ. ಕುಡುಕನ ಪಾತ್ರಕ್ಕೆ ಮಾತ್ರ ಮುಲಾಜಿಲ್ಲದೆ ಬೇಡ ಅನ್ನಿ. ಪ್ರತಿ ವರ್ಷ ಮೂರು ಜನ ಅದನ್ನೇ ತರುತ್ತಾರೆ, ಮೂವರೂ ಒಂದೇ ಥರ ತೂರಾಡುತ್ತಾರೆ.

3. ಬೆಳಕು, ಸದ್ದು

ಸಭಾಂಗಣಕ್ಕೆ ಹೋಗಿ ಮೊದಲು ಫ್ಯಾನ್ ಹಾಕಿ ನೋಡಿ. ಗರಗರ ಅಂದರೆ ರಂಗದ ಹತ್ತಿರದ ಎರಡನ್ನು ಆಫ್ ಇಡಿ. ಇನ್ನೂರು ಜನ ಕೂರುವ ಜಾಗಕ್ಕೆ ಮೈಕೇ ಬೇಡ. ದೊಡ್ಡದಾದರೆ ರಂಗದ ಅಂಚಿನಲ್ಲಿ ನೆಲದ ಮೇಲೆ ಎರಡು ಮೈಕ್ ಇಟ್ಟರೆ ಸಾಕು. ಕಾಲರ್ ಮೈಕ್ ಬೇಡವೇ ಬೇಡ. ದುರ್ಯೋಧನ ಎದೆ ಬಡಿದುಕೊಂಡಾಗ ಬಾಂಬ್ ಬಿದ್ದ ಹಾಗೆ ಕೇಳುತ್ತದೆ.

ಮದುವೆ ಮನೆಗೆ ಬಾಡಿಗೆ ಕೊಡುವ ಅಗ್ಗದ ಎಲ್‌ಇಡಿ ಪಾರ್ ಲೈಟುಗಳಿಂದ ದೂರ ಇರಿ. ನಿಧಾನವಾಗಿ ಆರಬೇಕಾದ ಬೆಳಕು ಕೊನೆಯಲ್ಲಿ ಟಕ್ ಅಂತ ಹೋಗುತ್ತದೆ, ಮುಖವೂ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಳೇ ಹ್ಯಾಲೋಜನ್ನು, ಬೆಳಕನ್ನು ಏರಿಸಿ ಇಳಿಸುವ ಒಂದು ಡಿಮ್ಮರ್ ಸಾಕು. ಹೊಗೆ ಮಷಿನ್ ಫ್ರೀಯಾಗಿ ಕೊಡುತ್ತೇವೆ ಅಂದರೂ ತರಿಸಬೇಡಿ. ನಟ ಕೆಮ್ಮುತ್ತಾನೆ, ಮಷಿನ್ ಎದುರಿನ ನೆಲ ಜಾರುತ್ತದೆ.

ಗಿರೀಶ ಕಾರ್ನಾಡರ 'ಒಡಕಲು ಬಿಂಬ' ನೋಡಿ ಬಂದವರು ತಮಗೂ ಪರದೆ, ಪ್ರೊಜೆಕ್ಟರ್ ಬೇಕು ಅನ್ನುತ್ತಾರೆ. ಅದರಲ್ಲಿ ನಟಿ ಟಿವಿಯಲ್ಲಿರುವ ತನ್ನದೇ ಬಿಂಬದ ಜೊತೆ ಮಾತಾಡುತ್ತಾಳೆ. ಬಿಂಬ ಯಾರಿಗೂ ಕಾಯುವುದಿಲ್ಲ ಅನ್ನುವುದನ್ನು ಈ ಹುಡುಗರು ಮರೆಯುತ್ತಾರೆ. ಒಂದು ಸಾಲು ಹಾರಿದರೆ, ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುತ್ತಾ ಕೂರುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ್ದರೆ ಮಾತ್ರ ಒಪ್ಪಿ.

4. ಎಂಟು ನಿಮಿಷ

ಉತ್ಸವಗಳು ಮುಗ್ಗರಿಸುವುದು ಇಲ್ಲೇ. ನಟ ಒಬ್ಬನೇ ನಿಜ. ಆದರೆ ಒಂದು ನಾಟಕ ಬಿಚ್ಚಿ ಇನ್ನೊಂದನ್ನು ನಿಲ್ಲಿಸುವ ಕೆಲಸ ಐದು ಸಲ ಬರುತ್ತದೆ. ಸುಮ್ನೆ ಬಿಟ್ಟರೆ ಅದು ಒಂದೊಂದು ಸಲಕ್ಕೂ ಇಪ್ಪತ್ತೈದು ನಿಮಿಷ ನುಂಗುತ್ತದೆ.

ಮೊದಲು, ರಂಗದ ಮೇಲಿನ ಸಾಮಾನು ಎಲ್ಲರಿಗೂ ಒಂದೇ ಮಾಡಿ. ಎರಡು ಮರದ ಪೆಟ್ಟಿಗೆ, ಒಂದು ಕುರ್ಚಿ, ಒಂದು ಬೆಂಚು. ಉಳಿದದ್ದು ನಟ ತಾನೇ ಹೊತ್ತು ತರಬಹುದಾದ ಒಂದು ಚೀಲದಲ್ಲಿ ಹಿಡಿಸಬೇಕು. ಇದನ್ನು ಅರ್ಜಿಯಲ್ಲೇ ಬರೆದುಬಿಡಿ. ಮಂಚ ತರುತ್ತೇವೆ ಅನ್ನುವವರು ಇದ್ದೇ ಇರುತ್ತಾರೆ. ಬೆಂಚೇ ಮಂಚ ಅನ್ನಿ.

ಬೆಳಕಿನದೂ ಹಾಗೆಯೇ. ರಂಗವನ್ನು ಎಡ, ನಡು, ಬಲ ಅಂತ ಮೂರು ಭಾಗ ಮಾಡಿ, ಒಂದೊಂದಕ್ಕೆ ಎರಡೆರಡು ಲೈಟ್ ಕೊಡಿ. ಇಡೀ ರಂಗಕ್ಕೆ ಒಂದು ನೀಲಿ, ಕುರ್ಚಿಯ ಜಾಗಕ್ಕೆ ಒಂದು ಸ್ಪಾಟ್. ಆರೂ ಜನ ಇದರಲ್ಲೇ ಆಡಬೇಕು. ನಾಟಕದ ನಡುವೆ ಏಣಿ ಹತ್ತಿ ಲೈಟ್ ತಿರುಗಿಸುವ ಮಾತೇ ಇಲ್ಲ.

ಇನ್ನು ಹಿಂದಿನ ದಿನದ ತಾಲೀಮು. ಒಬ್ಬೊಬ್ಬರಿಗೆ 40 ನಿಮಿಷ ಕೊಡಿ, ನಾಲ್ಕು ಗಂಟೆಯಲ್ಲಿ ಆರೂ ಮುಗಿಯುತ್ತದೆ. ಕ್ರಮ ಉಲ್ಟಾ ಇರಲಿ. ನಾಳೆ ಕೊನೆಗೆ ಆಡುವವರು ಇವತ್ತು ಮೊದಲು, ನಾಳೆ ಮೊದಲು ಆಡುವವರು ಇವತ್ತು ಕೊನೆಗೆ. ಆಗ ಮೊದಲ ನಾಟಕದ ಸಾಮಾನು ಇಟ್ಟಲ್ಲೇ ಇರುತ್ತದೆ, ಬೆಳಿಗ್ಗೆ ಹೊಸದಾಗಿ ಜೋಡಿಸಬೇಕಿಲ್ಲ. ಈ 40 ನಿಮಿಷದಲ್ಲಿ ಪೂರ್ತಿ ನಾಟಕ ಆಡಲು ಬಿಡಬೇಡಿ. ಎಲ್ಲರೂ ಕಣ್ಣೀರಿನ ದೃಶ್ಯವನ್ನೇ ಆಡಲು ನೋಡುತ್ತಾರೆ. ಬರುವುದು, ಹೋಗುವುದು, ಲೈಟ್ ಬದಲಾಗುವುದು, ಸದ್ದು ಬರುವುದು, ಇಷ್ಟು ಮಾತ್ರ ನೋಡಿ. ಹೀಗೆ ಲೈಟೋ ಸದ್ದೋ ಬದಲಾಗಬೇಕಾದ ಗಳಿಗೆಗೆ ಕ್ಯೂ ಅನ್ನುತ್ತಾರೆ. ಒಂದು ಕ್ಯೂನಿಂದ ಸೀದಾ ಇನ್ನೊಂದು ಕ್ಯೂಗೆ ಹಾರಿ.

ಕ್ಯೂ ಹಾಳೆಯನ್ನು ನಟ ಬರೆಯಬಾರದು. ಲೈಟ್ ಹಾಕುವ ಹುಡುಗನೇ ತನ್ನ ಕೈಯಾರೆ ಬರೆದುಕೊಳ್ಳಬೇಕು. 'ಸ್ವಲ್ಪ ಹೊತ್ತಾದ ಮೇಲೆ ಡಿಮ್' ಅಂತ ಬರೆದ ಹಾಳೆಯನ್ನು ಹರಿದು ಹಾಕಿ. ಹೀಗಿರಬೇಕು: 'ಬಾಗಿಲು ಹಾಕ್ಕೊಳ್ಳೇ ಅಂದ ತಕ್ಷಣ ಎಡಗಡೆ ಲೈಟ್ ಇಳಿಸು, ಐದು ಎಣಿಸುವಷ್ಟು ಹೊತ್ತು. ನೀಲಿ ಇರಲಿ.' ನಟನ ಕೊನೆಯ ಮಾತು, ಯಾವ ಲೈಟ್, ಎಷ್ಟು ಎಣಿಕೆ. ಮೂರೂ ಬೇಕು.

ಕುರ್ಚಿ, ಪೆಟ್ಟಿಗೆಗಳ ಜಾಗಕ್ಕೆ ನೆಲದ ಮೇಲೆ ಟೇಪ್ ಗುರುತು ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕತ್ತಲಲ್ಲಿ ಕಾಣಲಿ ಅಂತ ಬೈಕಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ತಂದು ಮೋಸ ಹೋಗಬೇಡಿ. ಅದು ಬೇರೆ ಬೆಳಕು ಬಿದ್ದರೆ ಮಾತ್ರ ಹೊಳೆಯುತ್ತದೆ, ಬ್ಲ್ಯಾಕ್‌ಔಟಿನಲ್ಲಿ ಅದೂ ಕಪ್ಪೇ. ಕತ್ತಲಲ್ಲಿ ತಾನೇ ಹೊಳೆಯುವ ಟೇಪ್ ಬೇರೆ ಸಿಗುತ್ತದೆ. ಅದಕ್ಕೂ ಮೊದಲು ಸ್ವಲ್ಪ ಹೊತ್ತು ಬೆಳಕು ಕುಡಿಸಬೇಕು.

ಈಗ ಆ ಎಂಟು ನಿಮಿಷ. ಚಪ್ಪಾಳೆ ನಿಂತ ಕೂಡಲೇ ಸಭಾಂಗಣದ ದೀಪ ಹಾಕಿ. ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು, ಕಪ್ಪು ಟೀ ಶರ್ಟು, ಬರಿಗಾಲು. ಮೊದಲು ಬರಬೇಕಾದದ್ದು ಪೊರಕೆ ಮತ್ತು ಒದ್ದೆ ಬಟ್ಟೆ. ಒಮ್ಮೆ ಒಬ್ಬ ಹುಡುಗ ನಾಟಕದ ಕೊನೆಗೆ ರಂಗದ ತುಂಬ ಅಕ್ಕಿ ಎರಚಿ ಹೋದ. ಯಾರೂ ಗುಡಿಸಲಿಲ್ಲ. ಮುಂದಿನ ಹುಡುಗಿ ಮಂಡಿಯೂರಿ ಆಡಬೇಕಿದ್ದ ನಾಟಕ ಅದು. ಇಪ್ಪತ್ತು ನಿಮಿಷ ಮುಖದಲ್ಲಿ ಏನೂ ತೋರಿಸದೆ ಆಡಿದಳು. ಎದ್ದಾಗ ಮಂಡಿಯ ಮೇಲೆ ಅಕ್ಕಿಕಾಳಿನ ಅಚ್ಚು ಮುಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಅಕ್ಕಿ, ನೀರು, ಕುಂಕುಮ ಚೆಲ್ಲುವ ನಾಟಕಗಳನ್ನು ಟೀ ಬಿಡುವಿನ ಮುಂಚೆ ಇಲ್ಲವೇ ಕೊನೆಗೆ ಇಡಿ. ಚೀಟಿ ಎತ್ತಿ ಕ್ರಮ ನಿರ್ಧರಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಗುಡಿಸಿದ ಮೇಲೆ ಮೂರು ನಿಮಿಷದಲ್ಲಿ ಸಾಮಾನು ಗುರುತಿನ ಮೇಲೆ ಕೂರಬೇಕು. ಎರಡು ನಿಮಿಷ ಲೈಟ್ ಪರೀಕ್ಷೆ. ಕೊನೆಯ ಎರಡು ನಿಮಿಷ ರಂಗದ ಮೇಲೆ ನಟ ಒಬ್ಬನೇ ಇರಲಿ, ಪರದೆಯ ಹಿಂದೆ. ಆ ಜಾಗಕ್ಕೆ ಕಾಲು ಒಗ್ಗಿಕೊಳ್ಳಬೇಕು. ಆಗ ಬಂದು 'ಆಲ್ ದಿ ಬೆಸ್ಟ್' ಹೇಳಬೇಡಿ. ನಿರೂಪಕರಿಗೆ ಕೊಡುವುದು ಎರಡೇ ವಾಕ್ಯ: ನಾಟಕದ ಹೆಸರು, ನಟರ ಹೆಸರು. ಶಾಯರಿ, ಹನಿಗವನ ಇದ್ದರೆ ಮೈಕ್ ಕಿತ್ತುಕೊಳ್ಳಿ.

ಸದ್ದು ಬಿಡಲು ಯಾರದೋ ಮೊಬೈಲ್ ಬಳಸಲೇಬೇಡಿ. ಲ್ಯಾಪ್‌ಟಾಪಿನಲ್ಲಿ ಹಾಕಿ, ಇಂಟರ್‌ನೆಟ್ ಆಫ್ ಮಾಡಿ. ಒಂದು ಕಾಲೇಜಿನಲ್ಲಿ, ಮಗನ ಹೆಣದ ಮುಂದೆ ತಾಯಿ ಮೌನವಾಗಿ ಕೂತ ದೃಶ್ಯದಲ್ಲಿ, ಸ್ಪೀಕರಿನಿಂದ ಜೋರಾಗಿ ರಿಂಗ್‌ಟೋನ್ ಬಂತು. ಸಭೆ ನಕ್ಕಿತು. ಆ ಹುಡುಗಿ ಕದಲಲಿಲ್ಲ. ರಿಂಗ್ ನಿಂತ ಮೇಲೆ ತಾನು ಆಡಿದ್ದ ಹಿಂದಿನ ಮಾತಿನಿಂದ ಮತ್ತೆ ಶುರು ಮಾಡಿದಳು. ಎಷ್ಟು ಅಂಕ ಕೊಡುವುದು ಅಂತ ನಮಗೇ ತೋಚಲಿಲ್ಲ.

5. ಆ ದಿನ

ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆ ನಾಟಕ ಅಂದರೆ ಏಳೂವರೆಗೇ ಶುರು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ನೀವೂ ಹಾಗೇ ಮಾಡಿ. ಮುಖ್ಯ ಅತಿಥಿ ಬಂದಿಲ್ಲ ಅಂತ ಬಣ್ಣ ಹಚ್ಚಿಕೊಂಡ ನಟನನ್ನು ಸೈಡ್‌ವಿಂಗಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಬೇಡಿ. ಶಾಲು, ಹಾರ, ಭಾಷಣ ಎಲ್ಲ ಆರನೇ ನಾಟಕದ ನಂತರ.

6. ಮುಗಿದ ಮೇಲೆ

ಸಂವಾದ ಇಟ್ಟಿದ್ದರೆ ನಟರು ಮುಖ ತೊಳೆದು, ಏನಾದರೂ ತಿಂದು ಬರುವವರೆಗೆ ಕಾಯಿರಿ. ಹೊರಗಿನಿಂದ ಬಂದವರ ಬಸ್ ಚಾರ್ಜನ್ನು ಅವತ್ತೇ ಕೈಗೆ ಕೊಡಿ. ನೆಲದ ಟೇಪನ್ನೂ ಅವತ್ತು ರಾತ್ರಿಯೇ ಕಿತ್ತುಬಿಡಿ. ನಾಲ್ಕು ದಿನ ಬಿಟ್ಟರೆ ಅಂಟು ನೆಲಕ್ಕೆ ಕೂರುತ್ತದೆ, ಮುಂದಿನ ವರ್ಷ ಸಭಾಂಗಣ ಕೇಳಲು ಹೋದಾಗ ಪ್ರಾಂಶುಪಾಲರಿಗೆ ನಾಟಕಕ್ಕಿಂತ ಮೊದಲು ನೆನಪಾಗುವುದು ಆ ಅಂಟೇ.